ಕೆಂಪು ದಾರದ ಬಲೆ

ಅಕ್ಕ ಹೊಸಿಲ ಬಳಿ ಕಾಲು ಚಾಚಿ ಕೂತು ಮೀನು ಬಲೆ ಹೊಲಿಯುತ್ತಿದ್ದಳು. ಹರಿದ ಕಡೆಯೆಲ್ಲ ಕೆಂಪು ದಾರ ಹಾಕುವುದು ಅವಳ ರೂಢಿ. ತನ್ನ ಕೈಕೆಲಸ ದೂರದಿಂದಲೇ ಗುರುತು ಸಿಗಬೇಕಂತೆ.

“ಹೋದ ತಿಂಗಳು ಹೊಲಿದುಕೊಟ್ಟ ಬಲೆ ಎಲ್ಲೋ?” ಎಂದು ತಮ್ಮನನ್ನು ಕೇಳಿದಳು.

“ಬಂಡೆಗೆ ಸಿಕ್ಕಿ ಹರೀತು. ಭಾವ ಕತ್ತರಿಸಿ ನೀರಿಗೆ ಬಿಟ್ರು.”

“ನಾಲ್ಕು ದಿನ ಬೆನ್ನು ಮುರ್ಕೊಂಡಿದ್ದೆ ಅದಕ್ಕೆ,” ಎಂದು ಅವಳು ಮತ್ತೆ ದಾರಕ್ಕೆ ಕೈ ಹಾಕಿದಳು.

ತಮ್ಮನನ್ನು ಬಂದರಿನಲ್ಲಿ ಎಲ್ಲರೂ ಹಾಡುಗಾರ ಎನ್ನುತ್ತಿದ್ದರು. ಭಾವನ ದೋಣಿಯಲ್ಲಿ ಬಲೆ ಎಳೆಯಲು ಯಂತ್ರವಿರಲಿಲ್ಲ; ಐದು ಜನರ ಹತ್ತು ಕೈ ಒಟ್ಟಿಗೆ ಬೀಳುತ್ತಿದ್ದದ್ದು ಅವನ ಹಾಡಿಗೆ. ಅವನಿಗಿದ್ದ ಇನ್ನೊಂದು ಹುಚ್ಚೆಂದರೆ ಸಮುದ್ರದ ಕಸ. ಹರಿದ ಬಲೆ ನೀರಿಗೆಸೆಯಬೇಡಿ ಎಂದು ಎರಡು ವರ್ಷದಿಂದ ದೋಣಿ ದೋಣಿಗೆ ಹೋಗಿ ಹೇಳಿದ್ದ. ಎಲ್ಲರೂ ತಲೆಯಾಡಿಸಿದ್ದರು, ಒಬ್ಬರೂ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಅವನು ದುಡಿಯುವ ದೋಣಿಯಲ್ಲೇ ಅದು ನಡೆಯುತ್ತಿತ್ತು. ಅಕ್ಕನ ಮುಂದೆ ಕೂತು ಅವನಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ದೋಣಿ ಹತ್ತುವಾಗ ಹೇಳಿಯೇಬಿಟ್ಟ. “ಭಾವ, ಇನ್ಮೇಲೆ ಹರಿದ ಬಲೆನ ದಡಕ್ಕೆ ತರೋಣ. ಇಲ್ಲಾಂದ್ರೆ ನಾನು ಹಾಡಲ್ಲ.”

“ಒದ್ದೆ ಬಲೆ ಅಂದ್ರೆ ಇಬ್ಬರು ಆಳಿನ ಭಾರ. ಮೀನಿಗೇ ಜಾಗ ಇಲ್ಲ, ಅದನ್ನೇನು ತಲೆ ಮೇಲೆ ಇಟ್ಕೊಳ್ಲಾ?” ಭಾವನ ಮಾತಲ್ಲೂ ನಿಜವಿತ್ತು, ದೋಣಿ ಅಷ್ಟು ಚಿಕ್ಕದು.

“ಆ ದಾರ ಕೊಳೆಯಲ್ಲ ಭಾವ. ನಾವು ಬಿಟ್ಟು ಬಂದ್ರೂ ಅದು ಮೀನು ಹಿಡೀತಾನೇ ಇರುತ್ತೆ. ಯಾರ ಹೊಟ್ಟೆಗೂ ಇಲ್ಲ.”

“ಹಾಡದಿದ್ರೆ ನಾಳೆಯಿಂದ ಬರಬೇಡ. ನಿಮ್ಮಕ್ಕನ ಮುಖ ನೋಡಿ ಇಷ್ಟು ಸುಮ್ಮನಿದೀನಿ.”

“ಆಗಲಿ,” ಎಂದ ಹಾಡುಗಾರ, ಬಾಯಿಗೆ ಬೀಗ ಹಾಕಿಕೊಂಡು ಬಲೆಯ ಹಗ್ಗದ ಮುಂದಿನ ತುದಿಯಲ್ಲಿ ನಿಂತ.

ಹಾಡಿಲ್ಲದ ಎಳೆತ ಎಂಥದ್ದೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು. ಒಬ್ಬ ಎಳೆಯುವಾಗ ಇನ್ನೊಬ್ಬ ಉಸಿರು ಬಿಡುತ್ತಿದ್ದ. “ಒಂದು ಸಾಲಾದ್ರೂ ಹಾಡೋ ಮಾರಾಯ,” ಎಂದು ಅವನ ಹಿಂದೆ ಹಗ್ಗ ಹಿಡಿದಿದ್ದವನು ಗೋಗರೆದ. ಹಾಡುಗಾರ ತುಟಿ ಕಚ್ಚಿ ಹಗ್ಗ ಜಗ್ಗಿದ. ಬಲೆ ಎಂದಿಗಿಂತ ಭಾರವಾಗಿತ್ತು. ಭರ್ಜರಿ ಮೀನು ಬಿದ್ದಿದೆಯೆಂದು ಭಾವನ ಮುಖ ಅರಳಿತು.

ದೋಣಿಯ ಅಂಚಿಗೆ ಬಂದದ್ದು ಹಳೆಯ ಬಲೆಯೊಂದರ ಮುದ್ದೆ, ಇವರ ಬಲೆಗೇ ಸಿಕ್ಕಿಕೊಂಡಿತ್ತು. ಒಳಗೆ ಕೊಳೆತ ಮೀನು, ಮುಳ್ಳು, ಕುತ್ತಿಗೆಗೆ ದಾರ ಬಿಗಿದು ಸತ್ತ ಒಂದು ಆಮೆ. ಅದರ ಪಕ್ಕದಲ್ಲಿ ಅಂಗೈಯಗಲ ಕೆಂಪು ದಾರದ ಹೊಲಿಗೆ.

ಭಾವ ಅದನ್ನು ಬೆರಳಿನಿಂದ ಸವರಿದ. ಯಾರ ಕೈಕೆಲಸವೆಂದು ಕೇಳಬೇಕಾಗಿರಲಿಲ್ಲ.

“ಕತ್ತರಿಸಿ ಬಿಟ್ಟುಬಿಡ್ಲಾ?” ಎಂದು ಹಿಂದಿನವನು ಚಾಕು ತೆಗೆದ.

“ಚಾಕು ಒಳಗಿಡು.” ಭಾವ ತಾನು ಕೂರುವ ಹಲಗೆಯನ್ನು ಎತ್ತಿ ಪಕ್ಕಕ್ಕೆ ಒರಗಿಸಿ ಜಾಗ ಮಾಡಿದ. “ಇಲ್ಲಿಗೆ ಎಳೀರಿ. ನಾನು ನಿಂತೇ ಬರ್ತೀನಿ.”

ದೋಣಿಯೊಳಗೆ ಅರ್ಧ ಬಂದ ಮುದ್ದೆ ಮತ್ತೆ ಜಾರತೊಡಗಿತು. ಹಾಡುಗಾರ ಬಾಯಿ ತೆರೆದ. ಹಾಡಿನ ಬದಲು ಅಳು ಹೊರಟಿತು. ಆಗ, ಹುಟ್ಟಿದಾಗಿನಿಂದ ಒಂದು ಸಾಲನ್ನೂ ನೆಟ್ಟಗೆ ಹಾಡದ ಭಾವ ಒಡಕು ದನಿಯಲ್ಲಿ ತಾನೇ ಹಾಡು ಎತ್ತಿಕೊಂಡ. ಹತ್ತು ಕೈ ಒಟ್ಟಿಗೆ ಬಿದ್ದವು.

“ಶ್ರುತಿ ತಪ್ತು ಭಾವ,” ಎಂದ ಹಾಡುಗಾರ, ತೋಳಿನಲ್ಲಿ ಕಣ್ಣೊರೆಸಿಕೊಂಡು.

“ನಾಳೆಯಿಂದ ನೀನೇ ಸರಿಯಾಗಿ ಹಾಡು. ಈಗ ಎಳಿ.”