ಸೈಕಲ್ ಗಂಟೆಯ ಚೀಟಿ

ಆ ಬಿಸ್ಕತ್ತಿನ ಡಬ್ಬಿಯನ್ನು ಇಸ್ತ್ರಿಯಮ್ಮ ಕಣ್ಣಾರೆ ಕಂಡವಳಲ್ಲ, ಮಗಳ ಬಾಯಲ್ಲಿ ಕೇಳಿದ್ದಷ್ಟೇ. ಈ ವರ್ಷ ಹೊಸದಾಗಿ ಬಂದ ಟೀಚರು ಅದರ ತುಂಬ ಚೀಟಿ ಹಾಕಿಟ್ಟಿದ್ದರಂತೆ. ಚೀಟಿಗೊಂದು ಸಾಲು. ಮಕ್ಕಳು ಕಣ್ಣುಮುಚ್ಚಿ ಒಂದನ್ನು ಎತ್ತಬೇಕು, ಆ ಸಾಲಿನಿಂದಲೇ ಕಥೆ ಹೊಸೆಯಬೇಕು. ಹೀಗೆ ಬರೆದೂ ಬರೆದೂ ಕೈ ಪಳಗುತ್ತದೆಯಂತೆ.

ಮಗಳು ಪಿಟೀಲು ಯಾವ ಚೀಟಿ ಎತ್ತಲಿ, ಕಥೆಯೊಳಕ್ಕೆ ಅವಳಣ್ಣ ಬಂದೇ ಬರುತ್ತಿದ್ದ. ‘ಕುಂಬಳಕಾಯಿ ಮಾತಾಡಿತು’ ಅಂತ ಚೀಟಿ ಬಂದರೆ, ಅದರ ಜೊತೆ ಚೌಕಾಸಿಗೆ ನಿಲ್ಲುತ್ತಿದ್ದವನೂ ಅಣ್ಣನೇ. ಹುಟ್ಟಿದಾಗಿನಿಂದ ಕುಂಯ್‌ಗುಡುತ್ತಿದ್ದ ತಂಗಿಗೆ ಪಿಟೀಲು ಅಂತ ಹೆಸರಿಟ್ಟವನು ಅವನು. ಹೋದ ವರ್ಷ ಇಸ್ತ್ರಿ ಬಟ್ಟೆ ಕೊಟ್ಟುಬರಲು ಸೈಕಲ್ಲೇರಿ ಹೋದವನು ಲಾರಿಗೆ ಸಿಕ್ಕಿ ತೀರಿಕೊಂಡಿದ್ದ.

ಇಸ್ತ್ರಿಯಮ್ಮನಿಗೆ ಓದು ಬಾರದು. ಸಂಜೆ ಅವಳು ಬಟ್ಟೆ ತೀಡುವಾಗ ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ಪ್ರತಿ ಕಥೆಯಲ್ಲೂ ಮಗ ಮನೆಗೆ ಹೊರಟು ಬೀದಿಯ ತಿರುವಿನ ತನಕ ಬಂದಿರುತ್ತಿದ್ದ. ಅಲ್ಲಿಗೆ ಕಥೆ ನಿಂತುಬಿಡುತ್ತಿತ್ತು. ತಾಯಿಗೆ ಅಷ್ಟೇ ಸಾಕು. ತಿರುವಿನ ತನಕ ಬಂದವನು ನಾಳೆ ಮನೆಗೆ ಬರಲಾರನೇ? ಆ ಆಸೆಯಲ್ಲೇ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಟೀಚರು ಮಾತ್ರ ಪ್ರತಿ ಸಲವೂ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು: ‘ಮುಗಿಸು.’

ಒಂದು ದಿನ ಟೀಚರ ಸೀರೆ ಕೊಡುವ ನೆಪದಲ್ಲಿ ಇಸ್ತ್ರಿಯಮ್ಮ ಶಾಲೆಗೇ ಹೋದಳು.

“ನಮ್ ಹುಡುಗಿ ಕಥೆ ಮುಗಿಸದೇ ಇದ್ರೆ ನಿಮ್ಮ ಗಂಟೇನು ಹೋಗುತ್ತೆ ಟೀಚರೇ?”

“ನನ್ನ ಗಂಟಲ್ಲಮ್ಮಾ, ಅವಳ ಮಾರ್ಕ್ಸ್ ಹೋಗುತ್ತೆ!” ಟೀಚರು ನಕ್ಕರು. “ನೀವು ಅರ್ಧ ಇಸ್ತ್ರಿ ಮಾಡಿದ ಅಂಗಿ ಕೊಡ್ತೀರಾ?”

“ಕಥೇಲಿ ಬರ್ತಾನಲ್ಲ, ಆ ಅಣ್ಣ... ಅವನೀಗ ಇಲ್ಲ.”

ಟೀಚರ ನಗು ಇದ್ದಲ್ಲೇ ಉಡುಗಿತು. “ನಂಗೊತ್ತಿರಲಿಲ್ಲ. ಇನ್ಮೇಲೆ ಮುಗಿಸು ಅನ್ನಲ್ಲ ಬಿಡಿ,” ಅಂದರು.

ಗೆದ್ದ ಖುಷಿಯಲ್ಲಿ ಮನೆಗೆ ಬಂದು ಮಗಳಿಗೆ ಹೇಳಿದರೆ, ಅವಳ ಮುಖ ಅರಳಲೇ ಇಲ್ಲ. ಅವತ್ತಿನ ಚೀಟಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ‘ಸೈಕಲ್ ಗಂಟೆ ಕೇಳಿಸಿತು.’

“ನಂಗೆ ಮುಗಿಸೋಕೆ ಬರುತ್ತಮ್ಮ.”

“ಮತ್ಯಾಕೆ ಬಿಡ್ತಿದ್ಯೇ?”

“ನೀನು ಊಟ ಮಾಡ್ಲಿ ಅಂತ.”

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತೇಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಅವಳು ಅದನ್ನು ಎತ್ತಿದ್ದು. ಇಷ್ಟು ದಿನ ಈ ಚೋಟುದ್ದದ ಕೂಸು ತನಗೆ ತುತ್ತಿಡುತ್ತಿತ್ತೇ!

“ಬರಿ,” ಅಂದಳು. “ನಂಗೋಸ್ಕರ ನಿಲ್ಲಿಸಬೇಡ. ಪೂರ್ತಿ ಬರಿ.”

ಪಿಟೀಲು ಗೋಡೆಯ ಕಡೆ ತಿರುಗಿ ಬರೆದಳು. ಆಮೇಲೆ ಓದಿದಳು.

“ಸೈಕಲ್ ಗಂಟೆ ಕೇಳಿಸಿತು. ಅಮ್ಮ ಓಡಿಹೋಗಿ ಬಾಗಿಲು ತೆಗೆದಳು. ಪೇಪರಿನವನು. ಅಣ್ಣ ಇನ್ನು ಬರುವುದಿಲ್ಲ ಅಂತ ಅಮ್ಮನಿಗೆ ಗೊತ್ತಿತ್ತು. ಆದರೂ ಓಡಿದ್ದಳು.”

“ಮುಗೀತಾ?”

“ಮುಗೀತು.”

“ಚೆನ್ನಾಗಿದೆ ಕಣೇ.”

“ಅಮ್ಮ, ಊಟ?”

“ಮಾಡ್ತೀನಿ. ನೀನು ತಟ್ಟೆ ಹಾಕು, ಬಂದೆ,” ಎಂದವಳು ಇನ್ನೊಂದು ಅಂಗಿ ಹರಡಿಕೊಂಡು, ಅದು ತೊಯ್ದುಹೋದರೂ ಮತ್ತೆ ಮತ್ತೆ ನೀರು ಚಿಮುಕಿಸುತ್ತಲೇ ನಿಂತಳು.