ಕಾಲುವೆ ದಂಡೆಯಲ್ಲಿ ಗಿಟಾರು ಪರೀಕ್ಷೆ

ಹತ್ತಿಕುಣಿಯ ಕಾರ್ಯಕ್ರಮದಲ್ಲಿ ಅಯ್ಯಮ್ಮನ ಗಿಟಾರಿನ ದನಿ ಏರಿಸುವ ಆಂಪು ಕೈಕೊಟ್ಟ ಮರುದಿನ ಮರಿಲಿಂಗಪ್ಪನವರು ನಮ್ಮ ಮನೆಗೆ ಬಂದರು. ಎಲ್ಲರೂ ಚಹಾ ಕುಡಿದು ಮುಗಿಸುವವರೆಗೆ ಅದೂ ಇದೂ ಮಾತಾಡಿದರು. ಅಯ್ಯಮ್ಮ ಕಪ್ಪು ಕೆಳಗಿಟ್ಟ ಮೇಲೆಯೇ ಬಂದ ವಿಷಯ ಎತ್ತಿದರು. ಮೊದಲೇ ಎತ್ತಿದ್ದರೆ ಅವಳಿಗೆ ಚಹಾ ಇಳಿಯುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ನಿನ್ನ ಕೈ ಮ್ಯಾಲ ನನಗ ಸಂಶಯ ಇಲ್ಲವ್ವ," ಎಂದರು. "ಆದ್ರ ಬಾರಿಸಿದ್ದು ಮಂದಿಗಿ ಕೇಳಬೇಕಲ್ಲ? ಕೊಂಕಲ್‌ದಾಗೂ ಹಿಂಗ ಆಗೋದಾದ್ರ ಗಿಟಾರು ನಾನ ಕೀಬೋರ್ಡಿನಾಗ ಬಾರಿಸಿಬಿಡ್ತೀನಿ. ನೀ ಕೋರಸ್‌ನಾಗ ನಿಂದ್ರು."

ಮರಿಲಿಂಗಪ್ಪನವರು ಅಂಚೆ ಕಚೇರಿಯಿಂದ ನಿವೃತ್ತರಾದವರು, ನಮ್ಮ ಕಡೆಯ ಭೀಮಗೀತೆ ತಂಡದ ಯಜಮಾನರು. ಅಯ್ಯಮ್ಮ ರಂಗಂಪೇಟೆಯ ಶಾಲೆಯಲ್ಲಿ ಶಿಕ್ಷಕಿ. ಗಂಡ ಅಂಬ್ರಪ್ಪನ ಜೊತೆ ನಮ್ಮ ಮನೆಯ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ. ತರಬೇತಿ ಕಾಲೇಜಿನಲ್ಲಿ ಗೆಳತಿಯೊಬ್ಬಳಿಂದ ಕಲಿತ ಗಿಟಾರನ್ನು ಅವಳು ಒಂಬತ್ತು ವರ್ಷದಿಂದ ತಂಡದಲ್ಲಿ ನುಡಿಸುತ್ತಿದ್ದಳು. ತಂಡದಲ್ಲಿ ಹಾಡುವ ಹೆಣ್ಣುಮಕ್ಕಳು ನಾಲ್ಕು ಜನ ಇದ್ದರು. ವಾದ್ಯ ಹಿಡಿದವಳು ಇವಳೊಬ್ಬಳೇ. ಕೋರಸ್ಸಿನಲ್ಲಿ ನಿಲ್ಲುವುದೇನೂ ಕೀಳಲ್ಲ, ಆದರೆ ಆ ಸಂಜೆ ಅವಳು ಮೇಲೆ ಹೋದವಳು ದೀಪ ಹಚ್ಚದೆ ಕೂತಿದ್ದಳು.

ಕೊಂಕಲ್‌ನಲ್ಲಿ ರಮಾಬಾಯಿ ಜಯಂತಿಯ ಮೆರವಣಿಗೆಗೆ ಇನ್ನು ಮೂರು ವಾರ ಇತ್ತು.

ಹಳೆಯ ಆಂಪು ಎಂದರೆ ಜೋಳದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಬಸ್ಸಿಗೆ ಹತ್ತಿಸಲು ಇಬ್ಬರು ಬೇಕು. ಸಣ್ಣಗೆ ಇಟ್ಟರೆ ಗುಂಯ್ ಅನ್ನುತ್ತಿತ್ತು, ಚೆನ್ನಾಗಿ ನುಡಿಯಬೇಕಾದರೆ ಓಣಿಗೆಲ್ಲ ಕೇಳುವಷ್ಟು ಏರಿಸಬೇಕಿತ್ತು. ಮನೆಯಲ್ಲಿ ಅದು ಸಾಧ್ಯವಿರಲಿಲ್ಲ. ಅಂಬ್ರಪ್ಪ ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದಾನೆ, ಹೆಚ್ಚಾಗಿ ರಾತ್ರಿ ಪಾಳಿ. ಅಯ್ಯಮ್ಮ ಶಾಲೆಯಿಂದ ಬಂದು ಗಿಟಾರು ಹಿಡಿಯುವ ಹೊತ್ತು ಅವನು ಮಲಗುವ ಹೊತ್ತು. ನಾನು ಒಂದು ದಿನ ಒಣಗಿದ ಬಟ್ಟೆ ಕೊಡಲು ಮೇಲೆ ಹೋದಾಗ ಅವನು ಕಣ್ಣು ಮುಚ್ಚಿ ಮಲಗಿದ್ದ, ಹೊದಿಕೆಯ ಹೊರಗೆ ಕಾಲ್ಬೆರಳು ಮಾತ್ರ ಅವಳ ಗಿಟಾರಿಗೆ ತಾಳ ಹಾಕುತ್ತಿತ್ತು. ನಿದ್ದೆ ಕೆಟ್ಟಿತೆಂದು ಒಂದು ದಿನವೂ ಹೆಂಡತಿಗೆ ಹೇಳಿದವನಲ್ಲ.

ಯಾದಗಿರಿಯಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುವ ಖಾಜಾಹುಸೇನ ಎಂಬವರಿದ್ದಾರೆ. ಅಯ್ಯಮ್ಮ ಅವರಿಗೆ ಫೋನು ಮಾಡಿದಳು. ಈಗ ಯಾರೂ ಪೆಟ್ಟಿಗೆ ಹೊರುವುದಿಲ್ಲ, ಮಾಡೆಲರ್ ತಗೊಳ್ಳಿ ಎಂದು ಅವರು ಹೇಳಿದರು. ಅದೇನೆಂದು ನನಗೆ ತಿಳಿಯಲು ಎರಡು ದಿನ ಬೇಕಾಯಿತು. ಅದರಲ್ಲಿ ಸ್ಪೀಕರೇ ಇಲ್ಲ. ದೊಡ್ಡ ದೊಡ್ಡ ಆಂಪುಗಳಲ್ಲಿ ಹಾದು ಬಂದರೆ ಗಿಟಾರಿನ ದನಿ ಹೇಗಾಗುತ್ತದೋ ಹಾಗೆ ಆ ಯಂತ್ರ ತಾನೇ ಲೆಕ್ಕ ಹಾಕಿ ದನಿ ಕಟ್ಟಿಕೊಡುತ್ತದೆ. ಮನೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿದರೆ ಪಕ್ಕದವರಿಗೂ ಕೇಳದು. ಕಾರ್ಯಕ್ರಮದಲ್ಲಿ ನೇರ ಮೈಕ್ ಸೆಟ್ಟಿಗೆ ಸಿಕ್ಕಿಸಿದರೆ ಊರಿಗೆ ಕೇಳುತ್ತದೆ.

ಖಾಜಾಹುಸೇನರು ಹೊಸತೊಂದನ್ನು ಕೊಂಡಿದ್ದರು. ಹಳೆಯದನ್ನು ಬಸ್ಸಿನಲ್ಲಿ ತಾವೇ ತಂದುಕೊಟ್ಟು, ಹದಿನೈದು ದಿನ ನುಡಿಸಿ ನೋಡಿ, ಒಗ್ಗಿದರೆ ಇಟ್ಟುಕೊಳ್ಳಿ ಎಂದರು. ಹಿತ್ತಾಳೆ ತಟ್ಟೆಯಂತೆ ಹೊಳೆಯುವ ಉದ್ದನೆಯ ಹಲಗೆ ಅದು. ಸಾಲಾಗಿ ಕಾಲಿನಿಂದ ಒತ್ತುವ ಗುಂಡಿಗಳು, ನಡುವೆ ಬಣ್ಣದ ಪರದೆ, ಒಳಗೆ ಇನ್ನೂರು ದನಿ. ಅದೇ ವಾರ ಶಹಾಪುರದ ಅಂಗಡಿಯವನು ಇನ್ನೊಂದನ್ನು ತರಿಸಿಕೊಟ್ಟ. ಇದು ಊಟದ ಡಬ್ಬಿಯಷ್ಟೇ ಇತ್ತು. ಪರದೆ ಇಲ್ಲ, ಮೇಲೆ ಆರು ತಿರುಗಿಸುವ ಗುಂಡಿ, ಒಳಗೆ ಒಂಬತ್ತೇ ದನಿ. ಬೇಡವಾದರೆ ಹತ್ತು ದಿನದೊಳಗೆ ವಾಪಸು.

ಎರಡರಲ್ಲಿ ಒಂದನ್ನು ಆರಿಸಬೇಕು. ಸಂಜೆಯೆಲ್ಲ ಅದೇ ಕೆಲಸ. ಅಯ್ಯಮ್ಮ ಹೆಡ್‌ಫೋನ್ ನನ್ನ ಕಿವಿಗೂ ಹಾಕಿ ಕೇಳಿಸುತ್ತಿದ್ದಳು. ದೊಡ್ಡದರ ದನಿ ಕೇಳಿದರೆ ಗೋಳಗುಮ್ಮಟದೊಳಗೆ ಕೂತ ಹಾಗಾಗುತ್ತಿತ್ತು. ಒಂದು ತಂತಿ ಮೀಟಿದರೆ ಸುತ್ತಲೂ ತಿರುಗಿ ತಿರುಗಿ ಬರುತ್ತಿತ್ತು. ಸಣ್ಣದು ಅದರ ಮುಂದೆ ತುಪ್ಪವಿಲ್ಲದ ರೊಟ್ಟಿ. ನಾನು ದೊಡ್ಡದೇ ಇರಲಿ ಎಂದೆ. ಅಂಬ್ರಪ್ಪನೂ ಕೇಳಿ ಅದನ್ನೇ ಹೇಳಿದ. ಅಯ್ಯಮ್ಮ ಸಣ್ಣದನ್ನು ಡಬ್ಬಿಗೆ ಹಾಕಿ ವಾಪಸು ಕಳಿಸಲು ಟೇಪೂ ಅಂಟಿಸಿದಳು.

ಅದನ್ನು ಬಿಚ್ಚಿಸಿದವರು ಮಸ್ತಾನಸಾಬರು. ಜಯಂತಿ, ಮದುವೆ ಏನೇ ಇರಲಿ, ನಮ್ಮ ಭಾಗದಲ್ಲಿ ಮೈಕ್ ಸೆಟ್ಟು ಅವರದೇ. ಕಿವಿಯೊಳಗೆ ಕೇಳುವುದು ಬೇರೆ, ನನ್ನ ಬಾಕ್ಸಿನಲ್ಲಿ ಬಯಲಿಗೆ ಕೇಳುವುದು ಬೇರೆ, ಎರಡನ್ನೂ ತಗೊಂಡು ಐತವಾರ ಕಾಲುವೆ ದಂಡೆಗೆ ಬನ್ನಿ ಎಂದರು. ಅಲ್ಲಿ ಅವರ ಭಾವನ ಗದ್ದೆ ಇದೆ. ರಿಪೇರಿಯಾಗಿ ಬಂದ ಬಾಕ್ಸುಗಳನ್ನು ಹೇಗೂ ಹಚ್ಚಿ ನೋಡಬೇಕು ಎಂದು ಅವರು ಹೇಳಿದರೂ ಆ ಬಾಕ್ಸುಗಳಿಗೆ ಏನೂ ಆಗಿರಲಿಲ್ಲ ಎಂದು ಆಮೇಲೆ ಅವರ ಡ್ರೈವರನಿಂದ ತಿಳಿಯಿತು. ಮರಿಲಿಂಗಪ್ಪನವರಿಗೂ ಅವರೇ ಹೇಳಿ ಕಳಿಸಿದ್ದರು.

ಐತವಾರ ಹತ್ತು ಗಂಟೆಗೆ ನಾವು ಹೋದಾಗ ಟೆಂಪೋದ ಮೇಲೆ ಬಾಕ್ಸುಗಳು ನಿಂತಿದ್ದವು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಗದ್ದೆಯಲ್ಲಿ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ನೆಲ್ಲಿನ ಸಸಿ ನಾಟುತ್ತಿದ್ದರು. ಮರಿಲಿಂಗಪ್ಪನವರು ಕೀಬೋರ್ಡು ಹಚ್ಚಿದರು, ಢೋಲಕ್ಕಿನವನು ಕೂತ, ಅಯ್ಯಮ್ಮ ದೊಡ್ಡ ಯಂತ್ರವನ್ನು ಸಿಕ್ಕಿಸಿ ಕೊಂಕಲ್‌ನಲ್ಲಿ ಹಾಡಬೇಕಾದ ಮೊದಲ ಹಾಡನ್ನು ನುಡಿಸಿದಳು.

ನನಗೆ ಢೋಲಕ್ಕು ಕೇಳಿತು, ಕೀಬೋರ್ಡು ಕೇಳಿತು. ಅಯ್ಯಮ್ಮನ ಬೆರಳು ಓಡುವುದು ಕಾಣುತ್ತಿತ್ತು, ಕೇಳಿದ್ದು ಮಾತ್ರ ಒಂದು ಮಂಜು. ಮರಿಲಿಂಗಪ್ಪನವರು ಕಾಲುವೆಯ ನೀರು ನೋಡಿದರು.

ಮಸ್ತಾನಸಾಬರು ಆಚೆ ದಂಡೆಗೆ ಕೂಗಿ, ಗಿಟಾರು ಹೇಗೆ ಕೇಳಿತೆಂದು ವಿಚಾರಿಸಿದರು. ನಾಟಿಯವರ ಮುಂದಾಳು ಮಲ್ಲಾಬಾಯಿ ಸೊಂಟ ನೆಟ್ಟಗೆ ಮಾಡಿ ನಿಂತಳು.

"ಯಾವುದ್ರಿ ಗಿಟಾರು? ಯಾರೋ ಕೊಡದಾಗ ಮುಖ ಇಟ್ಟು ಅಳಾಕತ್ತಂಗಿತ್ತಲ್ಲ, ಅದೇನು?"

ಗದ್ದೆಯೆಲ್ಲ ನಕ್ಕಿತು. ಅಯ್ಯಮ್ಮನ ಮುಖ ಸಣ್ಣದಾದುದನ್ನು ಮಲ್ಲಾಬಾಯಿ ಅಷ್ಟು ದೂರದಿಂದಲೂ ಕಂಡಿರಬೇಕು. "ಅಕ್ಕೋರ, ನಿಮ್ಮ ಕೈಗಿ ಅಂದಿಲ್ಲರಿ ನಾ," ಎಂದು ಮತ್ತೆ ಕೂಗಿದಳು. "ಇನ್ನೊಮ್ಮಿ ಬಾರಿಸ್ರಿ. ನಾವೂ ಬೆನ್ನು ಸುಧಾರಿಸಿಕೊಂತೀವಿ."

ಆ ಮಂಜು ಬೇರೇನಲ್ಲ, ಮನೆಯಲ್ಲಿ ನಮಗೆ ಅಷ್ಟು ಹಿಡಿಸಿದ ಗುಮ್ಮಟದ ಪ್ರತಿಧ್ವನಿಯೇ. ಬಯಲಿನಲ್ಲಿ, ಎರಡು ವಾದ್ಯಗಳ ನಡುವೆ, ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗಿತ್ತು. ಅಯ್ಯಮ್ಮನಿಗೆ ಅದು ಕೂಡಲೇ ತಿಳಿಯಿತು. ಪ್ರತಿಧ್ವನಿ ತೆಗೆಯಲು ಬಗ್ಗಿದಳು. ಬಿಸಿಲಿಗೆ ಪರದೆಯ ಮೇಲೆ ಅವಳ ಮುಖವೇ ಕಾಣುತ್ತಿತ್ತು, ಅಕ್ಷರ ಒಂದೂ ಇಲ್ಲ. ನಾನು ಹೋಗಿ ಸೆರಗು ಅಗಲ ಮಾಡಿ ಹಿಡಿದೆ. ನನ್ನ ಸೆರಗಿನ ಕೆಳಗೆ ತಲೆ ತೂರಿಸಿ ಅವಳು ಒಂದು ಪುಟ, ಎರಡು ಪುಟ, ಐದು ಪುಟ ಒತ್ತುತ್ತಾ ಹೋದಳು. ಅಷ್ಟರಲ್ಲಿ ಢೋಲಕ್ಕಿನವನು ಬೀಡಿ ಸೇದಿ ಮುಗಿಸಿದ. ಕೊನೆಗೆ ಸರಿಹೋಯಿತು. ದನಿ ಚೆನ್ನಾಗಿಯೇ ಬಂತು.

"ಆತಲ್ಲ ಈಗ," ಎಂದೆ ನಾನು.

ಅವಳು ನನ್ನ ಸೆರಗನ್ನು ಸರಿಮಾಡುತ್ತಾ ನಕ್ಕಳು. "ಆತು ದೊಡ್ಡವ್ವ. ಆದ್ರ ಮೆರವಣಿಗ್ಯಾಗ ಟ್ರ್ಯಾಕ್ಟರ್ ಮ್ಯಾಲ ನಿಮ್ಮನ್ನೂ ನಿಲ್ಲಿಸಬೇಕಾಗ್ತೈತಿ."

ಆಮೇಲೆ ಟೇಪು ಕಿತ್ತು ಸಣ್ಣ ಡಬ್ಬಿಯನ್ನು ಹೊರತೆಗೆದಳು. ಆರು ಗುಂಡಿಗಳಲ್ಲಿ ಒಂದು ಪ್ರತಿಧ್ವನಿಯದು, ಅದನ್ನು ಪೂರ್ತಿ ಇಳಿಸಿದಳು. ನಡುದನಿಯ ಗುಂಡಿಯನ್ನು ಏರಿಸಿದಳು. ಅಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಮನೆಯಲ್ಲಿ ಒಣಕಲು ಅನ್ನಿಸಿದ್ದ ಅದೇ ದನಿ ಇಲ್ಲಿ ಢೋಲಕ್ಕು ಕೀಬೋರ್ಡುಗಳ ನಡುವಿನಿಂದ ದಾರಿ ಮಾಡಿಕೊಂಡು ನೀರು ದಾಟಿ ಹೋಯಿತು. ನಾಟಿಯವರ ಸಾಲಿನಲ್ಲಿ ಇಬ್ಬರು ಹುಡುಗಿಯರು ಕೆಸರಿನಲ್ಲೇ ಹೆಜ್ಜೆ ಹಾಕಿದರು.

ಮರಿಲಿಂಗಪ್ಪನವರು ನ್ಯಾಯವಂತರು. ತಮ್ಮದನ್ನೂ ಕೇಳಲಿ ಎಂದು ಅದೇ ಹಾಡನ್ನು ಕೀಬೋರ್ಡಿನ ಗಿಟಾರು ದನಿಯಲ್ಲಿ ನುಡಿಸಿದರು. ದನಿ ಸ್ವಚ್ಛವಾಗಿತ್ತು, ತಪ್ಪು ಒಂದೂ ಇರಲಿಲ್ಲ. ಮುಗಿದ ಮೇಲೆ ಅವರೇ ಆಚೆಗೆ ಕೂಗಿ ಹೇಗಾಯಿತೆಂದು ಕೇಳಿದರು.

"ಚಂದ ಆತ್ರಿ," ಎಂದಳು ಮಲ್ಲಾಬಾಯಿ. "ಆದ್ರ ಮೊದಲ ಹಿಂದಿನಿಂದ ಪೇಟಿ ಬರಾಕತ್ತಿತ್ತಲ್ಲ, ಅದ್ಯಾಕ ನಿಂತಿತ್ರಿ? ಅದು ಇಲ್ದ ಹಾಡು ಬರಿಗಾಲಾಗ ನಡದಂಗಿತ್ತು."

ಕೀಬೋರ್ಡಿನಲ್ಲಿ ಪೇಟಿಯ, ಅಂದರೆ ಹಾರ್ಮೋನಿಯಂನ, ದನಿ ನುಡಿಸುತ್ತಿದ್ದವರು ಮರಿಲಿಂಗಪ್ಪನವರೇ. ಕೈ ಗಿಟಾರಿನ ದನಿಗೆ ಹೋದದ್ದರಿಂದ ಪೇಟಿ ಬಿಟ್ಟುಹೋಗಿತ್ತು. ಅವರು ತಮ್ಮ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡು ಕನ್ನಡಕ ಒರೆಸಿದರು. ಕೊಂಕಲ್‌ಗೆ ಯಾರು ನುಡಿಸಬೇಕೆಂಬ ಮಾತನ್ನು ಮಾತ್ರ ಆಡಲಿಲ್ಲ. ಮೆರವಣಿಗೆಯಲ್ಲಿ ನೋಡೋಣ ಎಂದಷ್ಟೇ ಹೇಳಿ ಕೀಬೋರ್ಡಿಗೆ ಬಟ್ಟೆ ಸುತ್ತಿದರು.

ದೊಡ್ಡ ಯಂತ್ರವನ್ನು ತಿರುಗಿ ಕೊಡುವುದಕ್ಕೆ ಅಯ್ಯಮ್ಮನಿಗೆ ಬಹಳ ಸಂಕೋಚವಾಯಿತು. ಯಾದಗಿರಿಗೆ ಹೋಗಿ ಖಾಜಾಹುಸೇನರ ಮುಂದೆ ಗದ್ದೆಯ ಕಥೆಯನ್ನೆಲ್ಲ ಹೇಳಿದಳಂತೆ. ಅವರು ನಕ್ಕು, ತಾವು ನುಡಿಸುವುದೆಲ್ಲ ರಾತ್ರಿಯ ಮದುವೆಗಳಲ್ಲಿ, ಬಿಸಿಲಿನ ವಿಚಾರ ತಲೆಗೇ ಬರಲಿಲ್ಲ ಎಂದು ತಾವೇ ಕ್ಷಮೆ ಕೇಳಿ, ಒಂದು ಒಳ್ಳೆಯ ವೈರನ್ನು ಸುತ್ತಿ ಅವಳ ಕೈಗಿಟ್ಟು ಕಳಿಸಿದರು.

ಫೆಬ್ರವರಿ ಏಳರಂದು ಕೊಂಕಲ್‌ಗೆ ನಾನೂ ಹೋಗಿದ್ದೆ. ಅಂಬ್ರಪ್ಪ ಪಾಳಿ ಮುಗಿಸಿ ನಿದ್ದೆ ಮಾಡದೆ ಬಂದಿದ್ದ. ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ತಂಡ, ಹಿಂದೆ ನೀಲಿ ಬಾವುಟ ಹಿಡಿದ ಮಂದಿ. ಬಯಲಿನಲ್ಲಿ ಎಲ್ಲ ಸರಿಯಾಗಿತ್ತು. ಓಣಿಯೊಳಗೆ ಬಂದೊಡನೆ ಎರಡೂ ಕಡೆಯ ಕಲ್ಲಿನ ಗೋಡೆಗಳಿಗೆ ಬಡಿದು ದನಿ ಕರ್ಕಶವಾಯಿತು. ಮರಿಲಿಂಗಪ್ಪನವರ ಬಲಗೈ ಕೀಬೋರ್ಡಿನ ಗಿಟಾರು ಗುಂಡಿಯ ಕಡೆ ಹೋಯಿತು. ಅಯ್ಯಮ್ಮ ಅದನ್ನು ನೋಡಿದಳೋ ಇಲ್ಲವೋ, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬಗ್ಗಿ, ಮೇಲುದನಿಯ ಗುಂಡಿಯನ್ನು ಸ್ವಲ್ಪ ಇಳಿಸಿ, ನೆಟ್ಟಗೆ ನಿಂತು ಮುಂದಿನ ಸಾಲಿಗೆ ಸರಿಯಾಗಿ ಸೇರಿಕೊಂಡಳು. ದನಿ ಮೆತ್ತಗಾಯಿತು. ಗುಂಡಿಯ ಮೇಲಿದ್ದ ಕೈ ಅಲ್ಲೇ ಒಂದು ಗಳಿಗೆ ನಿಂತು, ಹಿಂದೆ ಬಂದು ಪೇಟಿಯನ್ನು ಹಿಡಿಯಿತು.

ಸಭೆ ಮುಗಿದು ಊಟಕ್ಕೆ ಕೂತಾಗ ಮರಿಲಿಂಗಪ್ಪನವರು ಕಿಸೆಯಿಂದ ಸಣ್ಣ ಡೈರಿ ತೆಗೆದು ಅಯ್ಯಮ್ಮನ ಪಕ್ಕ ಬಂದು ಕೂತರು.

"ಎಪ್ರಿಲ್ ಹದಿನಾಲ್ಕಕ್ಕ ಶಹಾಪುರ, ಹದಿನೇಳಕ್ಕ ಮತ್ತ ಹತ್ತಿಕುಣಿಯವರು ಕರದಾರ," ಎಂದರು. "ಸಾಲಿ ಸೂಟಿ ಬಿಟ್ಟಿರ್ತೈತೇನವ್ವ?"

"ಬಿಟ್ಟಿರ್ತೈತ್ರಿ," ಎಂದಳು ಅಯ್ಯಮ್ಮ. ಅವರು ಎರಡೂ ತಾರೀಖಿನ ಮುಂದೆ ಅವಳ ಹೆಸರು ಬರೆದುಕೊಂಡು, ಬಡಿಸುವವನನ್ನು ಕರೆದು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.