ಪಕ್ಕದ ಮೇಜಿನ ಫೈಲು

"ಒಡೆದಿತ್ತೋ ಇಲ್ಲವೋ, ಅಷ್ಟು ಬರೆದುಬಿಡಿ ಸಾರ್. ನನಗೆ ಬೇರೇನೂ ಬೇಡ."

ಫೋನಿನ ಆ ತುದಿಯಲ್ಲಿ ಸರ್ಜನ್ ನಿಟ್ಟುಸಿರು ಬಿಟ್ಟರು. "ಆ ಮನುಷ್ಯ ಟೇಬಲ್ ಮೇಲೇ ಹೋದ್ನಲ್ಲಮ್ಮ. ಇನ್ನೇನು ಬರೀಲಿ?"

"ಹೋದದ್ದು ಬರ್ದಿದೀರಿ. ಹೊಟ್ಟೆಯೊಳಗಿನ ಉಬ್ಬು ಒಡೆದಿತ್ತು ಅಂತ ಎಲ್ಲೂ ಬರ್ದಿಲ್ಲ. ಒಡೆದದ್ದಕ್ಕೆ ಒಂದು ಕೋಡು, ಒಡೆಯದ್ದಕ್ಕೆ ಇನ್ನೊಂದು. ನಾನಾಗಿ ಊಹಿಸೋ ಹಾಗಿಲ್ಲ."

ಕೋಡಮ್ಮ ಎಂದರೆ ಹಾಗೇ. ಆಸ್ಪತ್ರೆಯಲ್ಲಿ ಅವಳಿಗೆ ಯಾರೋ ಇಟ್ಟ ಆ ಹೆಸರು ಅಂಟಿಕೊಂಡಿತ್ತು. ಡಾಕ್ಟರು ಬರೆದ ಕಾಯಿಲೆಗೆ ಕಂಪ್ಯೂಟರಿನಲ್ಲಿ ಸರಿಯಾದ ಕೋಡು, ಅಂದರೆ ಗುರುತಿನ ನಂಬರು, ಹಾಕುವುದು ಅವಳ ಕೆಲಸ. ಬರೆಯದೆ ಇದ್ದದ್ದು ಅವಳ ಪಾಲಿಗೆ ನಡೆದೇ ಇಲ್ಲ. ಅದರಲ್ಲೂ ಈ ಉಬ್ಬಿನ ಫೈಲುಗಳೆಲ್ಲ ಅವಳ ಮೇಜಿಗೇ. ಎದೆಯಿಂದ ಇಳಿದುಬರುವ ದೊಡ್ಡ ರಕ್ತನಾಳ ಹೊಟ್ಟೆಯ ಹತ್ತಿರ ಸವೆದು ಹಳೇ ಸೈಕಲ್ ಟ್ಯೂಬಿನಂತೆ ಉಬ್ಬಿಕೊಳ್ಳುತ್ತದೆ. ನೋವಿಲ್ಲ, ಸುಳಿವಿಲ್ಲ. ಒಂದು ದಿನ ಒಡೆಯಿತೆಂದರೆ ಆಸ್ಪತ್ರೆಯ ಬಾಗಿಲು ಕಂಡವರೇ ಪುಣ್ಯವಂತರು. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುತ್ತಲೇ ಅವಳು ಗಂಡನಿಗೆ ಹೆಸರು ಬಿಟ್ಟು ಇಂಥ ಕತೆ ಶುರುಮಾಡುತ್ತಿದ್ದಳು. "ಇವತ್ತೊಂದು ಢಮಾರ್ ಆಯ್ತು ರೀ, ಬಚ್ಚಲಲ್ಲೇ ಕತೆ ಮುಗೀತು." ಡ್ರಾಯಿಂಗ್ ಮೇಷ್ಟ್ರಾದ ಗಂಡ ಮೊದಮೊದಲು ನಗುತ್ತಿದ್ದ. ಈಚೆಗೆ ನಗುತ್ತಿರಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ.

ಊಟದ ಹೊತ್ತಿಗೆ ಪಕ್ಕದ ಮೇಜಿನ ಗಿಣಿ ಡಬ್ಬಿ ಹಿಡಿದು ಬಂದು ಕೂತಳು. ಗಿಣಿಯ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಇಡೀ ವಿಭಾಗಕ್ಕೇ ಗೊತ್ತು. ಅವಳಿಗೆ ಕೆಲಸ ಕಲಿಸಿದವಳು ಕೋಡಮ್ಮನೇ. ಹೊಸದರಲ್ಲಿ ಯಾರದೋ ಫೈಲಿನ ವಿಷಯ ಕ್ಯಾಂಟೀನಿನಲ್ಲಿ ಆಡಿದ್ದಕ್ಕೆ, ಅಳುವಷ್ಟು ಬೈದಿದ್ದಳು: "ಪರದೆ ಮೇಲೆ ಕಂಡದ್ದು ಪರದೆಯಲ್ಲೇ ಇರ್ಬೇಕು. ನಿನ್ನ ಹೆತ್ತಮ್ಮ ಕೇಳಿದ್ರೂ ಅಷ್ಟೇ."

"ಭಾನುವಾರ ಅಕ್ಕನ ಮನೆಗೆ ಹೊರಟೆ ಕಣೇ, ಒಂದು ವಾರ," ಎಂದಳು ಕೋಡಮ್ಮ. "ನಮ್ಮವರೇ ಟಿಕೆಟ್ ತಂದು ಕೈಗಿಟ್ಟಿದಾರೆ. ಸೂರ್ಯ ಯಾವ ಕಡೆ ಹುಟ್ಟಿದ್ನೋ. ಅಷ್ಟರೊಳಗೆ ದೊಡ್ಡ ಬೀರು ಮಹಡಿಗೆ ಸೇರ್ಬೇಕು ಅಂದಿದೀನಿ. ಇವರೂ ಪಕ್ಕದ ಮನೆಯವರೂ ಸೇರಿ ಎತ್ತಲಿ."

ಗಿಣಿಯ ಕೈ ಡಬ್ಬಿಯಲ್ಲೇ ನಿಂತಿತು. "ಭಾವನ ಕೈಲಿ ಎತ್ತಿಸ್ಬೇಡ."

"ಯಾಕೆ?"

ಯಾವುದಕ್ಕೂ ಉತ್ತರವಿದ್ದ ಗಿಣಿ ತಲೆ ತಗ್ಗಿಸಿದಳು. ಕೋಡಮ್ಮ ಅವಳ ಬೈತಲೆಯನ್ನೇ ನೋಡುತ್ತ ಕುಳಿತಳು. ಈ ವಿಭಾಗದಲ್ಲೊಂದು ಪದ್ಧತಿಯಿತ್ತು. ಸ್ವಂತ ಮನೆಯವರ ಫೈಲಿಗೆ ಯಾರೂ ಕೋಡು ಹಾಕುವಂತಿಲ್ಲ. ಅಂಥದ್ದು ಬಂದರೆ ಮೇಲಿನವರು ಸದ್ದಿಲ್ಲದೆ ಪಕ್ಕದ ಮೇಜಿಗೆ ದಾಟಿಸುತ್ತಾರೆ.

"ನಿನ್ನ ಮೇಜಿಗೆ ಬಂತಾ?" ಕೋಡಮ್ಮ ಮೆಲ್ಲಗೆ ಕೇಳಿದಳು. "ಯಾವಾಗಿಂದ?"

"ನನ್ನ ಕೇಳ್ಬೇಡ ಕಣೇ. ಮನೆಗೆ ಹೋಗಿ ಅವರನ್ನೇ ಕೇಳು." ಗಿಣಿಯ ಕಣ್ಣು ತುಂಬಿತ್ತು. "ನೀನೇ ಕಲಿಸಿದ್ದಲ್ವಾ."

"ಹೌದು, ನಾನೇ ಕಲಿಸಿದ್ದು," ಎಂದು ಕೋಡಮ್ಮ ಡಬ್ಬಿ ಮುಚ್ಚಿದಳು. ತಾನು ಕೊಟ್ಟ ಕೋಲಿನಿಂದಲೇ ಏಟು ತಿಂದಂತಾಗಿತ್ತು. ಇವಳು ದಿನವೂ ಎದುರಿಗೆ ಕೂತು ಉಂಡಿದ್ದಾಳೆ, ನಕ್ಕಿದ್ದಾಳೆ, 'ಭಾವ ಹೇಗಿದಾರೆ' ಎಂದು ಕೇಳಿದ್ದಾಳೆ. ಕೇಳಿದ್ದನ್ನೇ ನೆನೆದು ಕೋಡಮ್ಮನಿಗೆ ಹೆಚ್ಚು ಉರಿಯಿತು. ಮೇಜಿಗೆ ಮರಳಿ ಕಂಪ್ಯೂಟರಿನಲ್ಲಿ ಗಂಡನ ಹೆಸರಿನ ಮೊದಲ ಅಕ್ಷರ ಒತ್ತಿ, ಅಳಿಸಿ, ರಜೆ ಹೇಳಿ ಹೊರಟಳು.

ಮನೆಯಲ್ಲಿ ಗಂಡ ಹಾಸಿಗೆಯ ಮೇಲೆ ಅವಳ ಸೂಟ್‌ಕೇಸು ಹರವಿಕೊಂಡು ಕೂತಿದ್ದ. ಮದುವೆಯಾದಂದಿನಿಂದ ತನ್ನ ಕರ್ಚೀಫು ತಾನು ಮಡಚಿಕೊಂಡವನಲ್ಲ. ತನ್ನ ಮೇಜಿಗೆ ಬರಬೇಕಿದ್ದ ಫೈಲು, ಭಾರ ಎತ್ತಬಾರದ ಮೈ, ತನ್ನನ್ನು ವಾರದ ಮಟ್ಟಿಗೆ ಊರಾಚೆ ಕಳಿಸುವ ಆತುರ, ಎಲ್ಲ ಅವಳಿಗೆ ಒಟ್ಟಿಗೇ ಹೊಳೆಯಿತು.

"ಇದೇನು ಇಷ್ಟು ಬೇಗ?"

"ಆಪರೇಷನ್ ಯಾವತ್ತು ರೀ?"

ಅವನು ಮಡಚುತ್ತಿದ್ದ ಶಾಲನ್ನು ಸೂಟ್‌ಕೇಸಿನೊಳಗಿಟ್ಟ. "ಮಂಗಳವಾರ."

"ಉಬ್ಬು ತಾನೇ?"

"ಹೂಂ. ಎರಡು ವರ್ಷದ ಹಿಂದೆ, ಬೆನ್ನುನೋವಿಗೆ ಅಂತ ಸ್ಕ್ಯಾನ್ ಮಾಡಿಸ್ದಾಗ ಸಿಕ್ತು. ಚಿಕ್ಕದು, ಕಾದು ನೋಡೋಣ ಅಂದ್ರು. ಈಗ ಐದೂವರೆ ಸೆಂಟಿಮೀಟರ್ ದಾಟಿದೆ."

"ಯಾರ್ಯಾರಿಗೆ ಗೊತ್ತು?"

"ತಂಗಿಗೆ. ಅವಳೇ ಜೊತೆಗೆ ಇರ್ತೀನಿ ಅಂದಿದಾಳೆ." ಶಾಲಿನ ಅಂಚು ಎಳೆಯುತ್ತ, "ಮಗಳಿಗೂ," ಎಂದ.

ಕೋಡಮ್ಮ ಗೋಡೆಗೆ ಒರಗಿದಳು. ಮೊನ್ನೆ ಫೋನಿನಲ್ಲಿ ಮಗಳು, 'ಹೋಗಿ ಬಾಮ್ಮ, ದೊಡ್ಡಮ್ಮನ ಜೊತೆ ನಾಲ್ಕು ದಿನ ಹಾಯಾಗಿರು' ಎಂದಿದ್ದಳು. ಎಲ್ಲರೂ ಸೇರಿ ಮಗುವಿನ ಕೈಗೆ ಆಟಿಕೆ ಕೊಟ್ಟು ಆಚೆ ಕಳಿಸುವಂತೆ ಕಳಿಸಲು ಹೊರಟಿದ್ದರು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಗಿತ್ತು ಅವಳ ಬಾಳು.

"ಏನಾದ್ರೂ ಆಗಿದ್ರೆ? ಅಕ್ಕನ ಮನೆ ಜಗಲಿ ಮೇಲೆ ಕೂತಿದ್ದವಳಿಗೆ ಫೋನ್ ಬರ್ತಿತ್ತು, ಅಲ್ವಾ? ನಾನೇನು ಹೊರಗಿನವಳಾ?"

"ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ ಕಣೇ. ನೀನು ಬಂದವಳೇ ಢಮಾರ್ ಅಂತಿದ್ದೆ." ಅವನು ಸೂಟ್‌ಕೇಸಿನ ಮುಚ್ಚಳ ಸವರಿದ. "ನೀನು ನಗ್ತಿದ್ದೆ. ನಾನೂ ಆ ಕತೆಯೊಳಗೆ ಹೋಗಿ ಕೂತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಅವಳಿಗೆ ಅಳು ಬಂತು, ಆದರೆ ಅವನೆದುರು ಅಳಲು ಇಷ್ಟವಾಗಲಿಲ್ಲ. ಸೂಟ್‌ಕೇಸನ್ನು ತನ್ನ ಕಡೆಗೆ ಎಳೆದುಕೊಂಡಳು. ಮಂಡಿಗೆ ಕಟ್ಟುವ ಪಟ್ಟಿ, ನೋವಿನ ಮುಲಾಮು, ಹಳೆಯ ಕನ್ನಡಕ, ರೈಲಿನ ಚಳಿಗೆ ಶಾಲು. ಅವನು ಒಂದನ್ನೂ ಮರೆತಿರಲಿಲ್ಲ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಎಲ್ಲವನ್ನೂ ತೆಗೆದು ಹಾಸಿಗೆಯ ಮೇಲೆ ಎಸೆದಳು. ಬೀರು ತೆರೆದು ಅವನ ಎರಡು ಸಡಿಲ ಪೈಜಾಮ, ಟವೆಲು, ಶೇವಿಂಗ್ ಡಬ್ಬಿ ತಂದು ತುಂಬಿದಳು.

"ನಿನ್ನ ಟಿಕೆಟ್?" ಎಂದ ಅವನು.

"ನಿಮ್ಮ ತಂಗಿಗೆ ಕೊಡಿ. ಅವಳೇ ಹೋಗಿ ಬರ್ಲಿ."

ಅವನು ನಗಲು ನೋಡಿದ, ಆಗಲಿಲ್ಲ. ಅಂಗಿ ಸರಿಸಿ ಅವಳ ಕೈ ಹಿಡಿದು ಹೊಕ್ಕುಳಿನ ಮೇಲ್ಗಡೆ ಇರಿಸಿಕೊಂಡ. ಎಷ್ಟೋ ಫೈಲುಗಳಲ್ಲಿ ಅವಳು 'ಮಿಡಿಯುವ ಗಡ್ಡೆ' ಎಂದು ಓದಿದ್ದಳು. ಒಂದನ್ನೂ ಮುಟ್ಟಿರಲಿಲ್ಲ. ಅಂಗೈ ಕೆಳಗೆ ಅದು ಒಂದೇ ಸಮನೆ ಕುಟ್ಟುತ್ತಿತ್ತು.

"ನನಗಿಂತ ಮೊದಲು ಇನ್ನು ಯಾರ್ಯಾರು ಮುಟ್ಟಿ ನೋಡಿದಾರೆ?" ಎಂದಳು.

ಅವನು ಕಿಟಕಿಯ ಕಡೆ ನೋಡಿದ. ಅವಳು ಕೈ ತೆಗೆಯಲಿಲ್ಲ. ಒತ್ತಲೂ ಇಲ್ಲ.